ಗದ್ದೆಯ ಕೆಲಸವೂ ಬೆನ್ನಿನ ಬಿಲ್ಲೆಯೂ

ಸೊರಬದ ಸೀಮೆಯಲ್ಲಿ ಮಳೆ ಹಿಡಿದು ಗದ್ದೆಗಳು ನಾಟಿಗೆ ಹದವಾದೊಡನೆ ಹೆಣ್ಣಾಳುಗಳು ಬೆಳಗಿನಿಂದ ಸಂಜೆಯವರೆಗೆ ನಡು ಬಗ್ಗಿಸಿಯೇ ಇರಬೇಕಾಗುವುದು. ಶಿಕಾರಿಪುರದ ಕಡೆ ಮೆಕ್ಕೆಜೋಳದ ಚೀಲಗಳನ್ನು ಲಾರಿಗೆ ಏರಿಸುವವರ ಪಾಡು ಬೇರೆ. ಅಡಿಕೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕುಳಿತು ಸುಲಿಯುವವರ ಪಾಡು ಮತ್ತೂ ಬೇರೆ. ಇಂಥವರಲ್ಲಿ ಕೆಲವರಿಗೆ ಸೊಂಟದಲ್ಲಿ ಹುಟ್ಟಿದ ನೋವು ತೊಡೆಗೂ ಮೀನಖಂಡಕ್ಕೂ ಇಳಿದು ಪಾದವನ್ನು ಮುಟ್ಟುವುದು. ಇದನ್ನು ವಾಯುವೆಂದೂ ನರ ಹಿಡಿದಿದೆಯೆಂದೂ ಹೇಳುವುದು ರೂಢಿ. ಎರಡನೆಯ ಮಾತು ಸತ್ಯಕ್ಕೆ ಬಹಳ ಸಮೀಪವಾದುದು.

ಬೆನ್ನುಮೂಳೆಯ ಮಣಿಗಳ ನಡುವೆ 23 ಬಿಲ್ಲೆಗಳಿರುವುವು. ಕೊಡ ಹೊರುವವಳು ತಲೆಯ ಮೇಲಿಡುವ ಸಿಂಬಿಯಂತೆ ಇವು ಭಾರವನ್ನು ತಾಳತಕ್ಕವು. ಬಿಲ್ಲೆಯ ಹೊರಸುತ್ತು ಗಟ್ಟಿ ನಾರಿನ ಪದರ. ಒಳಗೆ ಲೋಳೆಯಂಥ ತಿರುಳು. ವಯಸ್ಸಿನಿಂದಲೂ ವಂಶಗುಣದಿಂದಲೂ ಬಗ್ಗಿ ತಿರುಗಿ ಭಾರವೆತ್ತುವುದರಿಂದಲೂ ನಾರು ಸೀಳಿದಲ್ಲಿ, ತಿರುಳು ಹಿಂದಕ್ಕೆ ಉಬ್ಬಿ ಕಾಲಿಗೆ ಹೋಗುವ ನರದ ಬುಡವನ್ನು ಒತ್ತುವುದು. ಸೊಂಟದ ಕಡೆಯ ಎರಡು ಬಿಲ್ಲೆಗಳಲ್ಲಿ ಇದು ಹೆಚ್ಚು. 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ಇದನ್ನು ವಿಶದಪಡಿಸಿದರು.

ಇಂಥ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದ ಕಾಲವೊಂದಿತ್ತು. ಈಗ ವೈದ್ಯರು ಅದನ್ನು ಒಪ್ಪುವುದಿಲ್ಲ. ಬಿಲ್ಲೆಯೊಳಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಮೆಯಾದುದರಿಂದ ಅದರ ಪೋಷಣೆಗೆ ದೇಹದ ಚಲನೆಯೇ ಸಹಾಯಕವು. ಹೆಚ್ಚು ಮಂದಿಗೆ 6ರಿಂದ 12 ವಾರಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ನೋವು ತಗ್ಗುವುದು. ಹೊರಬಂದ ತಿರುಳೂ ಎಷ್ಟೋ ವೇಳೆ ತಾನಾಗಿ ಕುಗ್ಗುವುದು. ನೋವಿಲ್ಲದ ಅನೇಕರ ಬೆನ್ನಿನಲ್ಲಿಯೂ ಉಬ್ಬಿದ ಬಿಲ್ಲೆ ಕಾಣುವುದುಂಟಾದ್ದರಿಂದ, ವೈದ್ಯರು ಹೇಳುವುದಕ್ಕೆ ಮೊದಲೇ ಸಾಲ ಮಾಡಿ ಸ್ಕ್ಯಾನಿಂಗ್‌ಗೆ ಓಡಬೇಕಾದುದಿಲ್ಲ.

ಅಂಗಸಾಧನೆಯನ್ನು ಫಿಸಿಯೋಥೆರಪಿ ಬಲ್ಲವರಿಂದಲೇ ಕಲಿಯತಕ್ಕದ್ದು. ದಿನವೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವ ನಡಿಗೆ, ಬೋರಲು ಮಲಗಿ ಮೊಳಕೈ ಊರಿ ಎದೆಯನ್ನು ಮೆಲ್ಲನೆ ಎತ್ತುವುದು, ಸೊಂಟ ಹೊಟ್ಟೆಗಳ ಸ್ನಾಯುಗಳನ್ನು ಬಲಪಡಿಸುವುದು ಇವು ಮುಖ್ಯವಾದವು. ಎಲ್ಲರಿಗೂ ಒಂದೇ ಕ್ರಮ ಸಲ್ಲದು. ಸಾಧನೆಯಿಂದ ಕಾಲಿನ ನೋವು ಮೇಲಕ್ಕೆ, ಸೊಂಟದ ಕಡೆಗೆ ಸರಿದರೆ ಶುಭಲಕ್ಷಣ. ಕೆಳಕ್ಕೆ ಹರಿದರೆ ಆ ಸಾಧನೆಯನ್ನು ಕೂಡಲೆ ನಿಲ್ಲಿಸತಕ್ಕದ್ದು. ಬೆನ್ನನ್ನು ತುಳಿಸುವುದೂ ಲಟಕ್ಕನೆ ತಿರುಚಿಸುವುದೂ ಕೂಡದು.

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹತೋಟಿ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಪಾದ ಎತ್ತಲಾರದ ನಿಶ್ಶಕ್ತಿ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಕಳುಹಿಸತಕ್ಕದ್ದು. ತಡವಾದರೆ ಕೆಡುಕು ಶಾಶ್ವತವಾಗಬಹುದು.

ಜಮೀನುದಾರರ ಕೈಯಲ್ಲಿರುವುದೂ ಕಡಮೆಯಲ್ಲ. ಯೂರಿಯದ ಚೀಲವೇ 2018ರಲ್ಲಿ 50ರಿಂದ 45 ಕಿಲೋಗ್ರಾಮಿಗೆ ಇಳಿದಿರುವಾಗ, ತಮ್ಮ ಕಣದ ಚೀಲವನ್ನು ಬಾಯಿಯವರೆಗೆ ತುರುಕಿಸುವುದೇಕೆ? ಚೀಲಕ್ಕೆ ಇಬ್ಬರನ್ನು ಹಚ್ಚಬಹುದು. ಸಾಲಿನಲ್ಲಿ ನಟ್ಟ ಗದ್ದೆಯಲ್ಲಿ ನಿಂತೇ ತಳ್ಳುವ ಕೋನೋವೀಡರಿನಿಂದ ಕಳೆ ತೆಗೆಸಬಹುದು. ನಾಟಿಯವರನ್ನೂ ಸುಲಿಯುವವರನ್ನೂ ಆಗಾಗ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಯಗೊಡಬೇಕು. ವಾಸಿಯಾಗಿ ಬಂದ ಆಳನ್ನು ಮೊದಲ ದಿನವೇ ಚೀಲದ ಕೆಳಗೆ ನಿಲ್ಲಿಸದೆ, ಕೆಲವು ವಾರ ನೀರು ಕಟ್ಟುವುದಕ್ಕೋ ಒಣಹಾಕಿದ ಅಡಿಕೆ ಕಾಯುವುದಕ್ಕೋ ಹಾಕಿ, ಕೂಲಿಯನ್ನು ಮುರಿಯದಿರತಕ್ಕದ್ದು. ಕೂಲಿ ಮುರಿಯುವುದೆಂಬ ಭಯದಿಂದಲೇ ನೋವನ್ನು ಮುಚ್ಚಿಟ್ಟು ಮತ್ತೆ ಭಾರ ಹೊರುವವರುಂಟು.