ಮೊದಲ ಮಗುವಿನ ಹಾಸಿಗೆ ಎರಡನೆಯದಕ್ಕೆ ಆದೀತೇ?

ಹಾಸಿಗೆ ಗಟ್ಟಿಯಾಗಿದ್ದು, ನೀರಿಳಿಯದ ಮೇಲ್ಹೊದಿಕೆ ಎಲ್ಲೂ ಹರಿದಿರದಿದ್ದರೆ ಅದೇ ಮನೆಯ ಎರಡನೆಯ ಮಗುವಿಗೂ ಬಳಸಬಹುದು. ಅಂಗೈಯಿಂದ ನಡುವೆ ಒತ್ತಿ ನೋಡಬೇಕು: ಕೈ ತೆಗೆದೊಡನೆ ಫೋಮ್ ಮೇಲೇಳದೆ ಗುಳಿ ಹಾಗೇ ಉಳಿದರೆ ಆ ಹಾಸಿಗೆ ಬೇಡ. ಮೆತ್ತನೆಯ ಗುಳಿಯಲ್ಲಿ ಮುಖ ಹೂತರೆ ಎಳೆಗೂಸು ತಾನಾಗಿ ತಲೆ ಹೊರಳಿಸಿಕೊಳ್ಳಲಾರದು. ಉಸಿರು ಕಟ್ಟುವ ಅಪಾಯವಿದೆ. ಹಾಸಿಗೆಗೂ ಮಂಚದ ಕಟಾಂಜನಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದಿರಕೂಡದು. ಹೊಲಿಗೆ ಬಿಟ್ಟ ಕಡೆ ಉಚ್ಚೆ, ಹಾಲು ಒಳಗಿಳಿದಿದ್ದರೆ ಬಿಸಿಲಿಗೆ ಹಾಕಿದಾಗ ವಾಸನೆ ಹೋದೀತು, ಒಳಗಿನ ಬೂಷ್ಟು ಪೂರ್ತಿ ಹೋಗದು.

ಬಳಸಿದ ಹಾಸಿಗೆಯ ಬಗೆಗಿನ ಸಂಶಯಕ್ಕೆ ಬಲ ಬಂದದ್ದು ಸ್ಕಾಟ್ಲೆಂಡಿನ ಒಂದು ಅಧ್ಯಯನದಿಂದ. 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಅದು, ಇನ್ನೊಂದು ಮಗು ಬಳಸಿದ್ದ ಹಾಸಿಗೆಗೂ ಶಿಶುಗಳ ಹಠಾತ್ ಸಾವಿಗೂ ನಂಟು ಕಂಡಿತು, ಹಾಸಿಗೆ ಬೇರೆ ಮನೆಯಿಂದ ಬಂದಿದ್ದಾಗ ನಂಟು ಇನ್ನೂ ಗಾಢ. ಹಾಸಿಗೆಯೇ ಕಾರಣವೆಂದು ಮಾತ್ರ ಸಾಬೀತಾಗಲಿಲ್ಲ. ಹಾಸಿಗೆಯಿಂದ ವಿಷಾನಿಲ ಹೊಮ್ಮುತ್ತದೆಂಬ ಹಳೆಯ ವಾದವನ್ನಂತೂ ಬ್ರಿಟನ್ನಿನ ತಜ್ಞರ ಸಮಿತಿ 1998ರಲ್ಲೇ ತಳ್ಳಿಹಾಕಿತ್ತು. ಮಗುವನ್ನು ಅಂಗಾತ ಮಲಗಿಸುವುದು, ದಿಂಬು, ರಜಾಯಿ ಇಡದಿರುವುದು ಹಾಸಿಗೆಯ ವಯಸ್ಸಿಗಿಂತ ಮುಖ್ಯ. ನೆಂಟರು ಪ್ರೀತಿಯಿಂದ ಕೊಟ್ಟ, ಪೂರ್ವಾಪರ ತಿಳಿಯದ ಹಾಸಿಗೆಯನ್ನು ನಯವಾಗಿ ಬೇಡವೆನ್ನುವುದೇ ಲೇಸು.