ಪಟ್ಟಣ ಪಟವಾದ ಬಗೆ

1800ನೇ ಇಸವಿಯಲ್ಲಿ ಲಂಡನ್ನಿನ ಜನ ದುಡ್ಡು ಕೊಟ್ಟು ಶ್ರೀರಂಗಪಟ್ಟಣ ನೋಡಲು ಮುಗಿಬೀಳುತ್ತಿದ್ದರು. ಅದಕ್ಕಾಗಿ ಯಾರೂ ಹಡಗು ಹತ್ತಬೇಕಿರಲಿಲ್ಲ, ಲೈಸಿಯಂ ಎಂಬ ಪ್ರದರ್ಶನ ಮಂದಿರಕ್ಕೆ ಹೋದರೆ ಸಾಕಿತ್ತು. 1799ರ ಮೇ 4ರಂದು ಟಿಪ್ಪುವಿನ ಆ ಕೋಟೆ ಇಂಗ್ಲಿಷರ ಕೈಗೆ ಬಿದ್ದ ಕಥೆಯನ್ನು ರಾಬರ್ಟ್ ಕೆರ್ ಪೋರ್ಟರ್ ಎಂಬ ಹುಡುಗವಯಸ್ಸಿನ ಕಲಾವಿದ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು, ಅರ್ಧ ವೃತ್ತಾಕಾರವಾಗಿ ಬಾಗಿಸಿ ನಿಲ್ಲಿಸಿದ್ದ. ನಡುವೆ ನಿಂತವರಿಗೆ ಬಲಕ್ಕೂ ಎಡಕ್ಕೂ ಕಾಳಗವೇ ಕಾಣುತ್ತಿತ್ತು. ಪೋರ್ಟರ್ ಕಾವೇರಿಯನ್ನು ಕಣ್ಣಾರೆ ಕಂಡವನಲ್ಲ, ಇಂಡಿಯಾಕ್ಕೆ ಕಾಲಿಟ್ಟವನೂ ಅಲ್ಲ. ಆ ದೊಡ್ಡ ಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು. ಅದನ್ನು ನೋಡಿ ವೆಂಡ್ರಮಿನಿ ಎಂಬ ಇಟಾಲಿಯನ್ ಕುಶಲಕರ್ಮಿ ತಾಮ್ರದ ತಗಡಿನ ಮೇಲೆ ಕೊರೆದು ತೆಗೆದ ಅಚ್ಚುಗಳು ಉಳಿದುಕೊಂಡು, ಇವತ್ತಿಗೂ ಸಂಗ್ರಾಹಕರ ಕೈಯಿಂದ ಕೈಗೆ ಹೋಗುತ್ತಿವೆ.

ಹಳೆಯ ಪ್ರವಾಸಿ ಪೋಸ್ಟರುಗಳ ಸಂಗ್ರಹ ಎಂದರೆ ಸಾಮಾನ್ಯವಾಗಿ ಕಣ್ಣ ಮುಂದೆ ಬರುವುದು ಯುರೋಪಿನ ಕಡಲತೀರಗಳು. ನೀಲಿ ಸಮುದ್ರ, ಹಳದಿ ಮರಳು, ಕೆಳಗೆ ರೈಲ್ವೆ ಕಂಪನಿಯ ಹೆಸರು. ಅವು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಒಂದು ಊರಿನ ಚಿತ್ರವನ್ನು ಕಾಗದದ ಮೇಲಿಳಿಸಿ, ದೂರದಲ್ಲಿದ್ದವರಿಗೆ ಮಾರಿ, ಆ ಊರನ್ನು ನೋಡಲೇಬೇಕೆಂಬ ಆಸೆ ಹುಟ್ಟಿಸುವ ವ್ಯಾಪಾರ ನಮ್ಮ ಸೀಮೆಯ ಹೆಸರಿನಲ್ಲೇ ಭರ್ಜರಿಯಾಗಿ ನಡೆದಿತ್ತು. ಸ್ಕೆಗ್ನೆಸ್, ನೀಸ್‌ನಂಥ ಕಡಲತೀರದ ಊರುಗಳ ಬಗ್ಗೆ ಬರೆಯುವವರು ಶ್ರೀರಂಗಪಟ್ಟಣವನ್ನು ನೆನೆಯುವುದಿಲ್ಲ. ನೆನೆಯಬೇಕು ಎಂಬುದು ನನ್ನ ವಾದ.

ಶುರು ಮಾಡಿದವನು ರಾಬರ್ಟ್ ಹೋಮ್. 1791ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ ಈ ಚಿತ್ರಕಾರ ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ಜೊತೆ ಮೈಸೂರು ಸೀಮೆಗೆ ಹೊರಟ. ದಂಡು ಬೀಡುಬಿಟ್ಟ ಕಡೆಯೆಲ್ಲ ಬೆಟ್ಟ, ಕೋಟೆ, ಗೋರಿಗಳನ್ನು ಬರೆದುಕೊಂಡ. 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಪ್ರಸಂಗವನ್ನೂ ಚಿತ್ರಿಸಿದ. 1794ರಲ್ಲಿ ಅವನ ಮೈಸೂರು ದೃಶ್ಯಗಳ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಅಲೆಗ್ಸಾಂಡರ್ ಅಲನ್ ಎಂಬ ಸೇನಾಧಿಕಾರಿಯ ಪುಸ್ತಕವೂ ಬಂತು. ಕೋಲ್‌ಬ್ರೂಕ್ ಎಂಬ ಇನ್ನೊಬ್ಬ ಅಧಿಕಾರಿಯ ಹನ್ನೆರಡು ದೃಶ್ಯಗಳೂ ಹೆಚ್ಚುಕಡಿಮೆ ಆಗಲೇ ಹೊರಬಂದವು. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ 1792ರಲ್ಲಿ ಇಂಡಿಯಾದಲ್ಲೇ ತೀರಿಕೊಂಡ. ಅವನು ಬಿಟ್ಟುಹೋದ ಚಿತ್ರಗಳಿಂದ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ 1804–05ರಲ್ಲಿ 40 ಬಣ್ಣದ ಹಾಳೆಗಳನ್ನು ಹೊರತಂದ. ಮೈಸೂರಿನ ಯುದ್ಧ ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. ಕೊಳ್ಳುವವರಿಗೆ ಬರವಿರಲಿಲ್ಲ.

ಈ ಹಾಳೆಗಳನ್ನು ಗೆದ್ದವರ ಹೆಮ್ಮೆಯೆಂದು ಪಕ್ಕಕ್ಕಿಡುವುದು ಸುಲಭ. ಗೆದ್ದವರೇ ಬರೆದದ್ದು ಹೌದು. ಆದರೆ ಶ್ರೀರಂಗಪಟ್ಟಣದ ಗಂಜಾಂ ಕಡೆಯ ಲಾಲ್‌ಬಾಗನ್ನು ಯೋಚಿಸಿ. 1792ರಲ್ಲಿ ಅಲ್ಲಿನ ತೋಟದ ಮರಗಳನ್ನು ಮುತ್ತಿಗೆಯ ಕೆಲಸಕ್ಕೆಂದು ಕಡಿದು ಹಾಕಿದರು, ಕಟ್ಟಡಗಳನ್ನು ಗಾಯಾಳುಗಳ ಆಸ್ಪತ್ರೆ ಮಾಡಿಕೊಂಡರು. ಅಲ್ಲಿದ್ದ ಅರಮನೆ ಇಂದು ಇಲ್ಲ. ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಕಿತ್ತ ತೇಗದ ತೊಲೆಗಳು ಬೆಟ್ಟ ಹತ್ತಿ, 1830ರಲ್ಲಿ ಪ್ರತಿಷ್ಠಾಪನೆಯಾದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿಗೆ ಸೇರಿದವು. ಊಟಿಗೆ ಹೋದ ನಮ್ಮವರು ಆ ಚರ್ಚಿನೊಳಗೆ ನಿಂತು ತಲೆಯೆತ್ತಿದರೆ ಕಾಣುವುದು ನಮ್ಮೂರಿನ ಮರ. ಹೈದರಾಲಿಯ ಗುಂಬಜ್ ಉಳಿದುಕೊಂಡಿದೆ, ಸುತ್ತಲಿನ 36 ಕರಿಕಲ್ಲಿನ ಕಂಬಗಳು ಇಂದಿಗೂ ಹೊಳೆಯುತ್ತವೆ. ಅದರ ಸುತ್ತಮುತ್ತ ಆಗ ಏನಿತ್ತು ಎಂದು ತಿಳಿಯಲು ಇವತ್ತು ಹೋಮನ ಹಾಳೆಯ ಮುಂದೆಯೇ ಕೂರಬೇಕು. ಬಿದ್ದುಹೋದ ಮನೆಯ ಪತ್ರ ಪಕ್ಕದ ಮನೆಯವರ ಪೆಟ್ಟಿಗೆಯಲ್ಲಿ ಸಿಕ್ಕ ಹಾಗೆ ಇದು. ಇಟ್ಟವರ ಮೇಲೆ ಎಷ್ಟೇ ಸಿಟ್ಟಿದ್ದರೂ ಪತ್ರ ಮಾತ್ರ ನಮ್ಮದೇ.

ಇವೆಲ್ಲ ತಾಮ್ರದ ಕಾಲದ ಕೆಲಸ. ತಗಡನ್ನು ಕೊರೆಯಬೇಕು ಅಥವಾ ಆಮ್ಲದಲ್ಲಿ ತಿನ್ನಿಸಬೇಕು, ಒಂದೊಂದೇ ಹಾಳೆ ಒತ್ತಬೇಕು, ಆಮೇಲೆ ಕುಂಚ ಹಿಡಿದು ಬಣ್ಣ ತುಂಬಬೇಕು. ಬೆಲೆ ಸಿರಿವಂತರಿಗಷ್ಟೇ ನಿಲುಕುವಂಥದ್ದು. ಚಿತ್ರವನ್ನು ಬೀದಿಗೆ ತಂದದ್ದು ಕಲ್ಲಚ್ಚು. ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಕೊಂಡ ಈ ವಿಧಾನದಲ್ಲಿ ಕೊರೆತವೇ ಇಲ್ಲ. ಸೋಲ್ನ್‌ಹೋಫನ್ ಗಣಿಯ ನಯವಾದ ಸುಣ್ಣಕಲ್ಲಿನ ಚಪ್ಪಡಿಯನ್ನು ಸಮತಟ್ಟಾಗಿ ಉಜ್ಜಿ, ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುವಿ ಬರೆಯುತ್ತಾರೆ. ತುಸು ಆಮ್ಲ ಬೆರೆಸಿದ ಗೋಂದಿನ ನೀರು ಬಳಿಯುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಆಡಿಸಿದರೆ, ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ, ನೀರಿದ್ದ ಕಡೆ ಜಾರಿಹೋಗುತ್ತದೆ. ಬಣ್ಣಕ್ಕೊಂದು ಕಲ್ಲು. ಹತ್ತು ಬಣ್ಣವಿದ್ದರೆ ಅದೇ ಹಾಳೆ ಹತ್ತು ಕಲ್ಲುಗಳ ಮೇಲೆ ಮಲಗಿ ಏಳಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೂ ಸರಿಯದೆ ಅದೇ ಜಾಗಕ್ಕೆ ಕೂರಬೇಕು. 1837ರಲ್ಲಿ ಎಂಗೆಲ್‌ಮಾನ್ ಎಂಬಾತ ಫ್ರಾನ್ಸಿನಲ್ಲಿ ಈ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದ.

ಕಲ್ಲಚ್ಚು ಕನ್ನಡಕ್ಕೆ ಹೊಸದಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’, ನಮ್ಮ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲೇ ಮೂಡಿದ್ದು. ಚಿತ್ರದ ಮಟ್ಟಿಗೆ ನಮ್ಮ ಹಳ್ಳಿಗಳಿಗೆ ಕಲ್ಲಚ್ಚನ್ನು ತಲುಪಿಸಿದವನು ರಾಜಾ ರವಿವರ್ಮ. 1894ರಲ್ಲಿ ಬೊಂಬಾಯಿಯಲ್ಲಿ ಶುರುವಾಗಿ ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ (ನಮ್ಮ ಮಳವಳ್ಳಿಯಲ್ಲ, ಮಹಾರಾಷ್ಟ್ರದ್ದು) ಹೋದ ಅವನ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆ ಸೇರಿದರು. ನಮ್ಮ ಮಂಡ್ಯ ಜಿಲ್ಲೆಯ ಹೊಣಕೆರೆಯ ಕಡೆ ಹಳೆಯ ತೊಟ್ಟಿಮನೆ ಉಳಿದಿದ್ದರೆ, ನಡುಮನೆಯ ಗೋಡೆಯಲ್ಲಿ ಕಟ್ಟು ಹಾಕಿಸಿದ ದೇವರ ಪಟಗಳ ಸಾಲು ನೋಡಿ. ಯಾತ್ರೆಯಿಂದ ತಂದ ಪಟ ಅದರಲ್ಲಿ ಒಂದಾದರೂ ಇರುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋಗಿ ಚೆಲುವನಾರಾಯಣನ ಪಟ ಕೊಂಡು ತಂದವರು, ಅದನ್ನು ನೋಡಿ ಮರುವರ್ಷ ತಾವೂ ಹೊರಟ ನೆಂಟರು, ಇವರ ನಡುವೆ ಆ ಹಾಳೆ ಮಾಡಿದ ಕೆಲಸಕ್ಕೂ ರೈಲ್ವೆ ಪೋಸ್ಟರ್ ಮಾಡಿದ ಕೆಲಸಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣುವುದಿಲ್ಲ.

ಪಾಶ್ಚಾತ್ಯರಲ್ಲಿ ಆ ಪೋಸ್ಟರು ಬೆಳೆದದ್ದು ರೈಲಿನಿಂದ. ಹಳಿ ಹಾಕಿದ ಕಂಪನಿಗಳಿಗೆ ರಜಾದಿನದ ಪ್ರಯಾಣಿಕರು ಬೇಕಿತ್ತು. 1908ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಗಾಗಿ ಜಾನ್ ಹ್ಯಾಸಲ್ ಬರೆದ, ಸ್ಕೆಗ್ನೆಸ್ ಕಡಲತೀರದಲ್ಲಿ ಕುಣಿದುಕೊಂಡು ಬರುವ ದಢೂತಿ ಬೆಸ್ತನ ಚಿತ್ರ ಆ ಊರಿನ ನಸೀಬನ್ನೇ ಬದಲಿಸಿತು. ಅದಕ್ಕೆ ಅವನಿಗೆ ಸಿಕ್ಕ ಸಂಭಾವನೆ 12 ಗಿನಿ. ಫ್ರಾನ್ಸಿನಲ್ಲಿ ರೋಜರ್ ಬ್ರೋಡರ್ಸ್ ದಕ್ಷಿಣದ ಕಡಲತೀರಗಳನ್ನು ಅಚ್ಚ ಬಣ್ಣಗಳಲ್ಲಿ ಬರೆದ. ಇಂಗ್ಲೆಂಡಿನ ಟಾಮ್ ಪರ್ವಿಸ್ ವಿವರಗಳನ್ನೆಲ್ಲ ಕಿತ್ತೆಸೆದು ನಾಲ್ಕಾರು ಬಣ್ಣದ ತುಂಡುಗಳಲ್ಲೇ ಸಮುದ್ರ ತೋರಿಸಿದ. ಇಂಡಿಯಾದ ಸರ್ಕಾರಿ ರೈಲ್ವೆಗಳೂ 1920–30ರ ದಶಕಗಳಲ್ಲಿ ವಿದೇಶಿಯರನ್ನು ಕರೆಯಲು ಇಂಥ ಪೋಸ್ಟರುಗಳನ್ನು ಅಚ್ಚು ಹಾಕಿಸಿದವು. ಗೋಡೆಗೆ ಅಂಟಿಸಿ, ಋತು ಮುಗಿದ ಮೇಲೆ ಹರಿದೆಸೆಯಲೆಂದೇ ಮಾಡಿದ ಹಾಳೆಗಳಿವು. ಉಳಿದದ್ದು ಕಡಿಮೆ, ಆದ್ದರಿಂದಲೇ ಈಗ ಅವಕ್ಕೆ ಭಾರಿ ಬೆಲೆ.

ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ನೀರಿನ ದಡದಲ್ಲಿ ವಿಹಾರ ಎಂಬ ಕಲ್ಪನೆಯನ್ನು ನಮ್ಮವರು ತಾವೇ ಕಟ್ಟಿಕೊಂಡರು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾಯಿತು. ಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕೈಚಳಕದಿಂದ, 1932ರ ಹೊತ್ತಿಗೆ ಬೃಂದಾವನ ಉದ್ಯಾನ ಸಿದ್ಧವಾಯಿತು. ಸಂಜೆಯ ದೀಪದಲ್ಲಿ ಬಣ್ಣ ಬದಲಿಸುವ ಕಾರಂಜಿಗಳು ಕಲ್ಲಚ್ಚಿನ ಕಲಾವಿದನಿಗೆ ಹೇಳಿ ಮಾಡಿಸಿದ ವಸ್ತು. ಆ ಕಾರಂಜಿಗಳ ಬೆನ್ನಿಗಿದ್ದ ನೀರಿನಡಿ ಹಳೆಯ ಕನ್ನಂಬಾಡಿ ಮುಳುಗಿತ್ತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನು ಬಹುಕಾಲದ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಪ್ರಚಾರದ ಹಾಳೆಗೆ ಕಾರಂಜಿ ಬೇಕು, ಮುಳುಗಿದ ಊರು ಬೇಡ. ಪ್ರವಾಸಿ ಚಿತ್ರವನ್ನು ಕೂಡಿಡುವವರು ಅದರಲ್ಲಿ ಇರುವುದರ ಜೊತೆಗೆ ಬಿಟ್ಟದ್ದನ್ನೂ ಗುರುತು ಹಾಕಿಕೊಳ್ಳಬೇಕು ಎನ್ನುವುದು ಇದಕ್ಕೇ.

ಪ್ರವಾಸಿ ಚಿತ್ರಗಳ ಈ ಹಾದಿಯ ಮೊದಲ ತುದಿಯನ್ನು ಕಾಣಲು ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ 1784ರ ದರಿಯಾ ದೌಲತ್ ಅರಮನೆಯಲ್ಲಿ ಪುರಾತತ್ವ ಇಲಾಖೆ 1959ರಿಂದ ವಸ್ತುಸಂಗ್ರಹಾಲಯ ನಡೆಸುತ್ತಿದೆ. ಪೋರ್ಟರನದೆನ್ನುವ ಕೋಟೆ ಕಾಳಗದ ಇನ್ನೊಂದು ಚಿತ್ರ, ಥಾಮಸ್ ಹಿಕಿ ಟಿಪ್ಪುವಿನ ಮಕ್ಕಳನ್ನು ಕೂರಿಸಿ ಬರೆದ ಪೆನ್ಸಿಲ್ ಚಿತ್ರಗಳು, ಹಳೆಯ ಅಚ್ಚುಗಳು ಅಲ್ಲಿವೆ. ಹೊರಗೋಡೆಯ ಮೇಲೆ ಟಿಪ್ಪು ತಾನೇ ಬರೆಸಿದ ಪೊಳ್ಳಿಲೂರು ಯುದ್ಧದ ಚಿತ್ರವಿದೆ, ಅದರಲ್ಲಿ ಸೋತವರು ಇಂಗ್ಲಿಷರು. ಒಂದೇ ಕಟ್ಟಡದ ಹೊರಗೆ ಒಂದು ಪಕ್ಷ, ಒಳಗೆ ಇನ್ನೊಂದು. ಹೆಚ್ಚಿನವರು ಹೊರಗಿನದಕ್ಕೆ ಬೆರಗಾಗಿ, ಒಳಗಿನ ಹಾಳೆಗಳ ಮುಂದೆ ನಿಲ್ಲದೆ ಬಸ್ಸು ಹತ್ತುತ್ತಾರೆ.

ಮನೆಯಲ್ಲೇ ಹಳೆಯ ಹಾಳೆ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ಒಂದೇ ಅಂತರದ ಚುಕ್ಕಿಗಳು ಸಾಲಾಗಿ ಹೂವಿನಂತೆ ಜೋಡಿಸಿಕೊಂಡಿದ್ದರೆ ಅದು ಈಚಿನ ಆಫ್‌ಸೆಟ್ ನಕಲು. ಕಡ್ಡಿ ಉಜ್ಜಿದಂತೆ ಒರಟಾದ, ಕ್ರಮವಿಲ್ಲದ ಕಾಳು ಕಂಡರೆ ಕಲ್ಲಚ್ಚು ಇರಬಹುದು. ಚಿತ್ರದ ಸುತ್ತ ಕಾಗದ ಚೌಕಾಕಾರವಾಗಿ ತಗ್ಗಿದ್ದರೆ ತಾಮ್ರದ ತಗಡು ಒತ್ತಿದ ಗುರುತು. ಫ್ರೇಮಿನ ಅಂಗಡಿಗೆ ಕೊಟ್ಟಾಗ ಹೊಸ ಚೌಕಟ್ಟಿಗೆ ಸರಿಹೊಂದಲೆಂದು ಅಂಚು ಕತ್ತರಿಸಲು ಬಿಡಬೇಡಿ. ಅಚ್ಚು ಹಾಕಿದ ಊರು, ಪ್ರೆಸ್ಸು, ಇಸವಿ ಇರುವುದು ಆ ಅಂಚಿನಲ್ಲೇ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲಾಗದು. ಬಿಸಿಲು ಬೀಳದ ಗೋಡೆ, ಬೆನ್ನಿಗೆ ಆಮ್ಲವಿಲ್ಲದ ರಟ್ಟು ಇರಲಿ. ಬೃಂದಾವನದ ಹಳೆಯ ಕರಪತ್ರ, ರೈಲಿನ ವೇಳಾಪಟ್ಟಿ, ದಸರೆಯ ಜಾಹೀರಾತು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕರೆ ಗುಜರಿಗೆ ಹಾಕುವ ಮುನ್ನ ಯಾರ ಕಾಲದ್ದು, ಯಾರು ತಂದದ್ದು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.