ತೊಗಟೆಯ ನೀರಿನಲ್ಲಿ ಹದವಾಗುವ ತೊಗಲು

ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ, ಮೂಡಿಗೆರೆ, ಕಳಸದ ಕಡೆ ಇಂದು ತೊಗಲು ಕಣ್ಣಿಗೆ ಬೀಳುವುದು ಹೆಚ್ಚಾಗಿ ವಾದ್ಯಗಳಲ್ಲಿ: ಚೆಂಡೆ, ಮದ್ದಲೆ, ತಮಟೆ. ಗದ್ದೆಯ ಉಳುಮೆ ಪೂರ್ತಿ ಎತ್ತಿನದೇ ಆಗಿದ್ದ ಕಾಲದಲ್ಲಿ ನೇಗಿಲ ಮಿಣಿ, ನೊಗದ ಜತ್ತಿಗೆ, ಬಾರುಕೋಲು, ಕುಲುಮೆಯ ತಿದಿ, ಕಾಲಿನ ಮೆಟ್ಟು ಎಲ್ಲದಕ್ಕೂ ತೊಗಲೇ ಬೇಕಿತ್ತು. ಬಯಲುಸೀಮೆಯಲ್ಲಿ ಇವುಗಳ ಜತೆಗೆ ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ. ಟಿಲ್ಲರ್, ಪಂಪ್‌ಸೆಟ್, ನೈಲಾನ್ ಹಗ್ಗ, ರಬ್ಬರ್ ಚಪ್ಪಲಿ ಬಂದಂತೆ ಒಂದೊಂದೇ ಹೋದವು. ವಸ್ತುಗಳು ಹೋದುದಕ್ಕೆ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಕಪಿಲೆ ಹೊಡೆಯುವ ಕಷ್ಟ ಮರಳಿ ಬರಲಿ ಎಂದು ಯಾವ ರೈತನೂ ಹಾರೈಸಲಾರ. ಕಳೆದುಕೊಂಡರೆ ನಿಜಕ್ಕೂ ನಷ್ಟವಾಗುವುದು ಆ ವಸ್ತುಗಳ ಹಿಂದಿದ್ದ ವಿದ್ಯೆ. ಕೊಳೆತು ನಾರುವ ಹಸಿ ತೊಗಲನ್ನು ಮರದ ತೊಗಟೆ, ಕಾಯಿ, ಸುಣ್ಣ, ನೀರು ಇಷ್ಟರಿಂದಲೇ ಹತ್ತಾರು ವರ್ಷ ಬಾಳುವ ಚರ್ಮವಾಗಿಸುವ ಈ ಕೆಲಸವನ್ನು ನಾವು ಒಂದು ಜಾತಿಯ ಪಾಡು ಎಂದು ನೋಡಿದೆವು, ಶಾಸ್ತ್ರ ಎಂದು ನೋಡಲೇ ಇಲ್ಲ.

ಅದು ಶಾಸ್ತ್ರ ಎನ್ನುವುದಕ್ಕೆ ಚೀಲದ ಹದವೊಂದೇ ಸಾಕು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಬೇರು ಈ ಹದದಲ್ಲಿದೆ. ಹಸಿ ತೊಗಲನ್ನು ಮೊದಲು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಕೂದಲ ಬುಡ ಸಡಿಲಾದ ಮೇಲೆ ಒಂದು ಮಗ್ಗುಲಿಂದ ಕೂದಲನ್ನು, ಇನ್ನೊಂದು ಮಗ್ಗುಲಿಂದ ಅಂಟಿದ ಮಾಂಸ, ಕೊಬ್ಬನ್ನು ಹೆರೆದು, ಸುಣ್ಣ ಹೋಗುವವರೆಗೆ ತೊಳೆಯುತ್ತಾರೆ. ಸುಣ್ಣ ಉಳಿದರೆ ಚರ್ಮ ಮುಂದೆ ಸೀಳು ಬಿಡುತ್ತದೆ. ಆಮೇಲೆ ಕರಿಜಾಲಿ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ತೊಗಲಿನ ಅಂಚುಗಳನ್ನು ಸೇರಿಸಿ ಹೊಲಿದು ಅದನ್ನೇ ಚೀಲ ಮಾಡುತ್ತಾರೆ. ಆ ಚೀಲದೊಳಗೆ ತೊಗಟೆಯ ಚೂರು, ತೊಗಟೆಯ ನೀರು ತುಂಬಿ ಗಳಕ್ಕೆ ತೂಗುಹಾಕುತ್ತಾರೆ. ತುಂಬಿದ ನೀರು ತನ್ನದೇ ಭಾರಕ್ಕೆ ತೊಗಲಿನ ಸೂಕ್ಷ್ಮ ರಂಧ್ರಗಳಲ್ಲಿ ಜಿನುಗಿ, ಹೊರಮೈಯಲ್ಲಿ ಕಂದು ಹನಿಗಳಾಗಿ ತೊಟ್ಟಿಕ್ಕುತ್ತದೆ. ಕೆಳಗಿನ ಪಾತ್ರೆಯಲ್ಲಿ ಹಿಡಿದದ್ದನ್ನು ಮತ್ತೆ ಮೇಲಿನಿಂದ ಸುರಿಯುತ್ತಾರೆ. ಕೆಲವು ದಿನಗಳ ನಂತರ ಚೀಲವನ್ನು ತಲೆಕೆಳಗು ಮಾಡಿ ಕಟ್ಟುತ್ತಾರೆ, ಮೇಲ್ತುದಿಗೂ ಸಮನಾಗಿ ಹದ ಸಿಗಲೆಂದು. ತೊಟ್ಟಿಯಲ್ಲಿ ಸುಮ್ಮನೆ ನೆನೆಸಿದರೆ ತೊಗಟೆಯ ಒಗರು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯಬೇಕು; ಇಲ್ಲಿ ನೀರಿನ ಭಾರವೇ ಅದನ್ನು ಒಳಗಿನಿಂದ ಹೊರಕ್ಕೆ ನೂಕುತ್ತದೆ. ಯಂತ್ರವಿಲ್ಲದೆ ಒತ್ತಡ ಹುಟ್ಟಿಸಿದ ಈ ಬುದ್ಧಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂಬುದು ನಾಚಿಕೆಯ ಸಂಗತಿ. ಒಗರಿನ ಟ್ಯಾನಿನ್ ತೊಗಲಿನ ಕೊಲಾಜನ್ ಎಳೆಗಳನ್ನು ಹಿಡಿದು ಬಿಗಿಯುವುದರಿಂದ ಚರ್ಮ ಕೊಳೆಯುವುದಿಲ್ಲ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಹೆಸರು ಗೊತ್ತಿಲ್ಲದೆಯೂ ಆ ಗುಣವನ್ನು ಬಳಸಿದವರು ಢೋರರು, ಮಾದಿಗರು, ಸಮಗಾರರು. ದಕ್ಷಿಣದ ಜಿಲ್ಲೆಗಳಲ್ಲಿ ಜಾಲಿಯ ಜಾಗದಲ್ಲಿ ತಂಗಡಿ ತೊಗಟೆ. ಅಳಲೆ ಮರವಂತೂ ಚಿಕ್ಕಮಗಳೂರಿನ ಎಲೆ ಉದುರುವ ಕಾಡುಗಳದೇ ಮರ. ಯಾವುದಕ್ಕೆ ಹದ ಬೇಡ ಎಂಬುದೂ ಅವರಿಗೆ ಗೊತ್ತಿತ್ತು: ವಾದ್ಯದ ತೊಗಲಿಗೆ ತೊಗಟೆಯ ನೀರು ತೋರಿಸುವುದಿಲ್ಲ, ಹೆರೆದು ಬಿಗಿದು ಒಣಗಿಸುತ್ತಾರೆ, ನಾದ ಬರುವುದು ಹಾಗೆ.

ಇತಿಹಾಸ ಈ ವಿದ್ಯೆಯನ್ನು ಬದಿಗೆ ಸರಿಸಿದ ಬಗೆಯೂ ಗಮನಿಸುವಂಥದ್ದು. ಮುಂದೆ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದ ಆಲ್ಫ್ರೆಡ್ ಚಾಟರ್ಟನ್ ಅದಕ್ಕೂ ಮೊದಲು ಮದರಾಸಿನಲ್ಲಿ ಕ್ರೋಮ್ ಹದವನ್ನು ಪ್ರಯೋಗಿಸಿದ್ದರು. ನೀರೆತ್ತುವ ಬಾನಿಗಳು ಹೆಚ್ಚು ಕಾಲ ಬಾಳಲಿ ಎಂಬುದು ಅವರ ಉದ್ದೇಶಗಳಲ್ಲೊಂದು. ತೊಗಟೆ ವಾರಗಟ್ಟಲೆ ಬೇಡುವುದನ್ನು ಕ್ರೋಮಿಯಂ ಲವಣ ಒಂದೆರಡು ದಿನಗಳಲ್ಲಿ ಮುಗಿಸುತ್ತದೆ. ಜಗತ್ತಿನ ಬಹುಪಾಲು ಚರ್ಮ ಇಂದು ಹಾಗೆಯೇ ತಯಾರಾಗುತ್ತದೆ. ಕಡಿಮೆ ಖರ್ಚು, ಕಡಿಮೆ ಕಾಲ ಎಂಬ ವಾದ ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ಹೊಳೆಗೆ ಸೇರುವ ಕ್ರೋಮಿಯಂನ ಬೆಲೆ ಸೇರಿಲ್ಲ. ತೊಗಟೆಯ ಹದವೂ ನೀರು ಬೇಡುತ್ತದೆ, ವಾಸನೆ ಬರುತ್ತದೆ. ಆದರೆ ಅದರ ಕಸದಲ್ಲಿ ಕ್ರೋಮಿಯಂನಂಥ ಭಾರಲೋಹ ಇರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಊರಾಚೆಗೆ ತಳ್ಳಿ, ಸತ್ತ ದನ ಹೊರಿಸಿ, ಸುಗ್ಗಿಯಲ್ಲಿ ನಾಲ್ಕು ಸೇರು ಕಾಳು ಕೊಟ್ಟು ಮಾಡಿಸಿದ ಬಿಟ್ಟಿ ಕೆಲಸವನ್ನು ಕಲೆ ಎಂದು ಹೊಗಳುವುದು ಕ್ರೌರ್ಯವಲ್ಲವೇ? ಹೌದು, ಆ ವ್ಯವಸ್ಥೆಯನ್ನು ಹೊಗಳಿದರೆ ಕ್ರೌರ್ಯವೇ. ಸತ್ತ ದನ ಹೊರುವುದನ್ನು ಬಿಡಿ ಎಂದು ಅಂಬೇಡ್ಕರ್ ಕರೆ ಕೊಟ್ಟಾಗ, ಅದರಿಂದ ಆದಾಯ ತಪ್ಪುತ್ತದೆ ಎಂದವರಿಗೆ ಅವರು ಕೊಟ್ಟ ಉತ್ತರ, ಆ ಲಾಭವನ್ನು ನೀವೇ ಇಟ್ಟುಕೊಳ್ಳಿ ಎಂಬುದು. ಆ ಉತ್ತರಕ್ಕೆ ಇಂದಿಗೂ ಎದುರು ಮಾತಿಲ್ಲ. ಮೃಗಚರ್ಮದ ಮೇಲೆ ಕುಳಿತು ಜಪ ಮಾಡುವುದು ಮಡಿ, ಚರ್ಮ ಹದ ಮಾಡುವುದು ಮೈಲಿಗೆ ಎಂದ ಸಮಾಜ ವಿದ್ಯೆಯನ್ನು ಬಳಸಿಕೊಂಡು ವಿದ್ಯಾವಂತನನ್ನು ಹೊರಗಿಟ್ಟಿತು. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯರನ್ನು ಅವರ ಕಾಯಕದ ಸಮೇತ ಒಪ್ಪಿಕೊಂಡಿದ್ದರು. ಹರಳಯ್ಯ ದಂಪತಿಯ ಚಮ್ಮಾವುಗೆಯ ಕಥೆಯನ್ನು ನಾವು ಭಕ್ತಿಯ ಕಥೆಯಾಗಿ ಮಾತ್ರ ಕೇಳುತ್ತೇವೆ. ಚರ್ಮದ ಗುಣ ಬಲ್ಲ ಕೈಗಳ ಕಥೆಯೂ ಅದೇ. ಜಾತಿಯ ಕಟ್ಟು ಹೋಗಬೇಕು, ವಿದ್ಯೆ ಬೇಕಾದವರೆಲ್ಲ ಕಲಿಯುವಂತಾಗಬೇಕು. ಈ ಎರಡರಲ್ಲಿ ವಿರೋಧವಿಲ್ಲ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿತು. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ರೂಪದ ಪಾದರಕ್ಷೆಯನ್ನು ಮಿಲಾನಿನಲ್ಲಿ ಪ್ರದರ್ಶಿಸಿದಾಗ ಗದ್ದಲವೆದ್ದಿತು. ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಚರ್ಮ ಕೈಗಾರಿಕೆ ನಿಗಮವಾದ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಅಂಥದ್ದೇ ನಿಗಮ ಲಿಡ್‌ಕಾಮ್ ಜತೆ ಅದು ಒಪ್ಪಂದಕ್ಕೂ ಬಂತು. ಒಳ್ಳೆಯದೇ. ಆದರೆ ಅಷ್ಟೂ ದಿನದ ಚರ್ಚೆ ಚಪ್ಪಲಿಯ ಆಕಾರ, ಹೆಸರು, ಬೆಲೆಯ ಸುತ್ತಲೇ ನಡೆಯಿತು. ಹದ ಮಾಡುವವರ ಸುದ್ದಿ ಬರಲಿಲ್ಲ. ಅವರಿಗೆ ಕೂಲಿ ಸಾಲದು, ಅವರ ಮಕ್ಕಳು ಈ ಕೆಲಸಕ್ಕೆ ಬರಲೊಲ್ಲರು, ನಮ್ಮ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಹಸಿ ತೊಗಲು ಸಾಗಿಸಲೂ ಭಯ. ಹೊಲಿಯುವವರು ಉಳಿದು ಹದ ಮಾಡುವವರು ಹೋದರೆ, ಉಳಿಯುವುದು ಕೊಲ್ಹಾಪುರಿ ಆಕಾರದ ಯಾವುದೋ ಚರ್ಮ. 1976ರಿಂದ ಇರುವ ಲಿಡ್‌ಕರ್ ಹೊಲಿಗೆಗೆ ಕೊಡುವ ಗಮನವನ್ನು ತೊಗಟೆಯ ಹದಕ್ಕೂ ಕೊಡಲಿ: ನೀರು, ಚರಂಡಿ, ಕೈಗವಸು, ನ್ಯಾಯವಾದ ಕೂಲಿ ಇರುವ ಹದಶಾಲೆಗಳನ್ನು ತೆರೆಯಲಿ, ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಕಲಿಯಲಿ. ಕೊಳ್ಳುವವರು ಮಳಿಗೆಯಲ್ಲಿ ಬೆಲೆ ಕೇಳುವ ಮೊದಲು ಚರ್ಮ ಹದವಾದದ್ದು ತೊಗಟೆಯಲ್ಲೋ ಕ್ರೋಮಿನಲ್ಲೋ ಎಂದು ಕೇಳಲಿ.